ದಿನಕ್ಕೆ 31 ಕಿಲೋಮೀಟರ್

ಮಣಿಕೊಂಡದ ಮರ್ರಿಚೆಟ್ಟು ಜಂಕ್ಷನ್ ದಾಟಿ ಪುಪ್ಪಾಲಗುಡದ ಕಡೆ ತಿರುಗಿದರೆ, ಬೆಳಗ್ಗೆ ಏಳರ ಹೊತ್ತಿಗೆ ರಸ್ತೆಯ ಪಕ್ಕದಲ್ಲಿ ಹತ್ತು ಹನ್ನೆರಡು ಸಣ್ಣ ಪಿಕಪ್ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಹೈದರಾಬಾದಿನಲ್ಲಿ ಈ ಗಾಡಿಗೆ ಟ್ರಾಲಿ ಅನ್ನುತ್ತಾರೆ. ನಿಲ್ಲುವ ಜಾಗ ಅಡ್ಡಾ, ಸಿಗುವ ಬಾಡಿಗೆ ಕಿರಾಯಿ. ಒಂದು ಅಪಾರ್ಟ್‌ಮೆಂಟಿನಿಂದ ಇನ್ನೊಂದಕ್ಕೆ ಹೋಗುವ ಮನೆ ಸಾಮಾನು, ಟೈಲ್ಸು, ಪ್ಲೈವುಡ್ಡು, ಕೆಟ್ಟ ಫ್ರಿಜ್ಜು, ಭಾದ್ರಪದದಲ್ಲಿ ಗಣಪತಿ, ಹೀಗೆ ಬಂದದ್ದನ್ನೆಲ್ಲ ಹೇರಿಕೊಂಡು ಹೋಗುತ್ತವೆ. ಚಹಾ ಕುಡಿಯುತ್ತ ನಿಂತವರ ಮಾತು ತೆಲುಗು, ದಖನಿ, ನಡುನಡುವೆ ಕನ್ನಡ. ಬೀದರ್, ಔರಾದ್, ಚಿಂಚೋಳಿ ಕಡೆಯವರು ಈ ಊರಿಗೆ ದುಡಿಯಲು ಬರುವುದು ಹೊಸದೇನಲ್ಲ. 1956ರ ನವೆಂಬರ್ 1ರವರೆಗೆ ಆ ಭಾಗವೆಲ್ಲ ಹೈದರಾಬಾದ್ ರಾಜ್ಯದಲ್ಲೇ ಇತ್ತು. ರಾಜ್ಯದ ಗಡಿ ಬದಲಾಯಿತು, ಕೆಲಸಕ್ಕೆ ಬರುವ ದಾರಿ ಅದೇ ಉಳಿಯಿತು.

ಆ ಸಾಲಿನಲ್ಲಿ ಬೀದರಿನ ಹತ್ತಿರದ ಹಳ್ಳಿಯವನೊಬ್ಬ ಒಂಬತ್ತು ವರ್ಷದಿಂದ ಬೇರೆಯವರ ಗಾಡಿ ಓಡಿಸುತ್ತಿದ್ದ. ವಯಸ್ಸು ಮೂವತ್ತೆರಡು. ಗಾಡಿ ಡೀಸೆಲ್, ಸಂಬಳ ತಿಂಗಳಿಗೆ 18,000 ರೂಪಾಯಿ. ಹೆಂಡತಿ ಅಲ್ಕಾಪುರಿ ಟೌನ್‌ಶಿಪ್ಪಿನ ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಾಳೆ. ಇಬ್ಬರೂ ಸೇರಿ ಚೀಟಿ ಹಾಕಿ, ಊರಿಗೆ ಕಳಿಸಿ, ಮಗನ ಫೀಸು ಕಟ್ಟಿ ಉಳಿಸಿದ್ದು 1,20,000 ರೂಪಾಯಿ. 2025ರ ಸೆಪ್ಟೆಂಬರ್ ಮೊದಲ ವಾರ ಜಿಎಸ್‌ಟಿ ಮಂಡಳಿ ಸರಕು ಗಾಡಿಗಳ ಮೇಲಿನ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸಿತು. ಅದೇ 22ರಿಂದ ಜಾರಿ ಎಂದಾಗ ಅಡ್ಡಾದಲ್ಲಿ ಬೇರೆ ಮಾತೇ ಇರಲಿಲ್ಲ. ಇಷ್ಟು ವರ್ಷ ಮುಂದೂಡುತ್ತ ಬಂದವನಿಗೂ ಇನ್ನು ತಡ ಮಾಡಲು ನೆಪ ಉಳಿಯಲಿಲ್ಲ.

ಯಾವ ಕಂಪನಿ, ಯಾವ ಬಣ್ಣ ಎಂದು ಕೇಳಿದವರು ಕಡಿಮೆ. ಎಲ್ಲರೂ ಕೇಳಿದ್ದು, ಕೇಳಿದ್ದಕ್ಕಿಂತ ಹೆಚ್ಚಾಗಿ ತಾವೇ ಹೇಳಿಬಿಟ್ಟಿದ್ದು ಒಂದೇ: ‘ಡೀಸೆಲ್ ತಾನೇ?’ ಊರಿನಿಂದ ಅಪ್ಪ ಫೋನಿನಲ್ಲಿ ಇನ್ನೂ ಖಡಕ್ಕಾಗಿ ಹೇಳಿದ. ‘ಪೆಟ್ರೋಲ್ ಗಾಡಿ ಸಾವ್ಕಾರ್ ಮಕ್ಕಳಿಗೆ. ದುಡಿಯೋ ಗಾಡಿ ಅಂದ್ರ ಡೀಸೆಲ್. ಒಂದು ಮೈಲಿ ದೂರ ಇರುವಾಗ್ಲೇ ಸಪ್ಪಳ ಕೇಳ್ಬೇಕು.’

ಅಪ್ಪನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಅದು ಬೇರೊಂದು ಕಾಲದ ಲೆಕ್ಕ. ಡೀಸೆಲ್ ಬೆಲೆಯನ್ನು ದಶಕಗಳ ಕಾಲ ಸರ್ಕಾರವೇ ತಗ್ಗಿಸಿ ಇಟ್ಟಿತ್ತು. ಲಾರಿ, ಬಸ್ಸು, ಪಂಪ್‌ಸೆಟ್ಟು, ಟ್ರ್ಯಾಕ್ಟರು ಓಡುವುದು ಅದರಲ್ಲಿ, ಅದು ಏರಿದರೆ ತರಕಾರಿಯಿಂದ ಸಿಮೆಂಟಿನವರೆಗೆ ಎಲ್ಲವೂ ಏರುತ್ತದೆ ಎಂಬ ಭಯ. 2010ರ ಜೂನಿನಲ್ಲಿ ಪೆಟ್ರೋಲನ್ನು ಮಾರುಕಟ್ಟೆಗೆ ಬಿಟ್ಟರೂ ಡೀಸೆಲನ್ನು ಬಿಡಲಿಲ್ಲ. 2012ರ ಮೇ ಕೊನೆಯಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ಇದ್ದಾಗ ಡೀಸೆಲ್ 41ರ ಹತ್ತಿರ ಇತ್ತು. ಲೀಟರಿಗೆ 32 ರೂಪಾಯಿ ಅಂತರ! ಜೊತೆಗೆ ಡೀಸೆಲ್ ಎಂಜಿನ್ ಅದೇ ಒಂದು ಲೀಟರಿನಲ್ಲಿ ಹೆಚ್ಚು ದೂರ ಹೋಗುತ್ತದೆ. ಪೆಟ್ರೋಲ್ ಗಾಡಿ ಲೀಟರಿಗೆ 15 ಕಿ.ಮೀ., ಡೀಸೆಲ್ 19 ಕಿ.ಮೀ. ಎಂದುಕೊಂಡರೆ ಆ ದರದಲ್ಲಿ ಕಿಲೋಮೀಟರಿಗೆ ಪೆಟ್ರೋಲ್ ಖರ್ಚು 4.87 ರೂಪಾಯಿ, ಡೀಸೆಲ್ಲಿನದು 2.16. ಅರ್ಧಕ್ಕಿಂತಲೂ ಕಡಿಮೆ. ಅಂಥ ದಿನಗಳಲ್ಲಿ ದುಡಿಯುವವನೊಬ್ಬ ಪೆಟ್ರೋಲ್ ಗಾಡಿ ಕೊಂಡಿದ್ದರೆ ಊರವರು ನಕ್ಕಿರುತ್ತಿದ್ದರು, ಅದು ಸರಿಯೂ ಆಗಿತ್ತು.

ಕೊಳ್ಳೋಣ ಎಂದರೂ ಆಗ ಸಣ್ಣ ಸರಕು ಗಾಡಿಯಲ್ಲಿ ಪೆಟ್ರೋಲಿನ ಆಯ್ಕೆ ಹೆಚ್ಚು ಇರಲಿಲ್ಲ. 2005ರ ಮೇ ತಿಂಗಳಲ್ಲಿ ಟಾಟಾ ಏಸ್ ಬಂದದ್ದು ಡೀಸೆಲ್ ಎಂಜಿನ್ನಿನೊಂದಿಗೆ, ಸುಮಾರು ಎರಡೂಕಾಲು ಲಕ್ಷ ರೂಪಾಯಿಗೆ. ಆ ಎಂಜಿನ್ನಿನ ಕತೆಯನ್ನು ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಕೊಳ್ಳುವವನಿಗಿಂತ ಮೊದಲು ಮಾಡುವವನೂ ದುಡ್ಡು ಎಣಿಸಿಯೇ ಎಂಜಿನ್ ಆರಿಸಿರುತ್ತಾನೆ. ಗಿರೀಶ್ ವಾಘ್ ಮುಂದಾಳತ್ವದ ತಂಡದ ಮುಂದೆ ಇದ್ದದ್ದು ಸರಕು ಆಟೋ ಓಡಿಸುವವರು. ಒಂದು ಸಿಲಿಂಡರಿನ ಡೀಸೆಲ್ ಎಂಜಿನ್ನಿನ ಮೂರು ಚಕ್ರದ ಗಾಡಿ ಅವರದು. ಅವರಿಗೆ ನಾಲ್ಕು ಚಕ್ರ ಕೊಡಬೇಕು, ಆದರೆ ಬೆಲೆ ಮೂರು ಚಕ್ರದಿಂದ ಬಹಳ ದೂರ ಹೋಗಬಾರದು. ಅಂಥ ಒಬ್ಬನನ್ನು ಕೇಳಿದಾಗ, ನಾಲ್ಕು ಚಕ್ರದ ಗಾಡಿ ಇದ್ದರೆ ಊರಲ್ಲಿ ಒಳ್ಳೇ ಸಂಬಂಧ ಸಿಗುತ್ತದೆ ಎಂದನಂತೆ. ಕಂಪನಿಯವರೇ ಹೇಳಿಕೊಂಡ ಕತೆ ಇದು. ಹೊಸ ಎಂಜಿನ್ನನ್ನು ಬುಡದಿಂದ ಕಟ್ಟಿದರೆ ಬೆಲೆ ಕೈಮೀರುತ್ತದೆ. ಅವರ ಬಳಿ ಇಂಡಿಕಾ ಕಾರಿನ 1,405 ಸಿಸಿಯ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ ಇತ್ತು. ಅದರ ಅರ್ಧವೇ ಏಸ್‌ನ ಎಂಜಿನ್. ಸಿಲಿಂಡರಿನ ಅಗಲ 75 ಮಿಲಿಮೀಟರ್, ಪಿಸ್ಟನ್ ಓಡಾಡುವ ಉದ್ದ 79.5 ಮಿಲಿಮೀಟರ್, ಎರಡರಲ್ಲೂ ಒಂದೇ. ನಾಲ್ಕು ಸಿಲಿಂಡರಿನ ಜಾಗದಲ್ಲಿ ಎರಡು, 1,405ರ ಜಾಗದಲ್ಲಿ 702 ಸಿಸಿ. ಶಕ್ತಿ 16 ಅಶ್ವಶಕ್ತಿ. ಇವತ್ತಿನ ಯಾವ ಬೈಕಿನ ಹುಡುಗನಿಗೆ ಹೇಳಿದರೂ ನಗುತ್ತಾನೆ. ಆದರೆ ಅದು ಮುಕ್ಕಾಲು ಟನ್ ಹೇರಿಕೊಂಡು ಸಂದಿಗೊಂದಿ ಹೊಕ್ಕು ಬಂತು. ಜನ ‘ಛೋಟಾ ಹಾಥಿ’ ಎಂದು ಹೆಸರಿಟ್ಟರು. ಡುಗುಡುಗು ಸಪ್ಪಳದಿಂದಲೇ ಬರುತ್ತಿರುವ ಗಾಡಿ ಯಾರದೆಂದು ಹೇಳುವವರು ಹಳ್ಳಿಗಳಲ್ಲಿದ್ದರು. ಅಪ್ಪ ಕೇಳಬೇಕೆಂದದ್ದು ಆ ಸಪ್ಪಳವನ್ನೇ.

ಆ ಲೆಕ್ಕ ಒಡೆದದ್ದು ಎರಡು ಕಡೆಯಿಂದ. 2013ರ ಜನವರಿಯಿಂದ ಡೀಸೆಲ್ ಬೆಲೆಯನ್ನು ತಿಂಗಳಿಗೆ 50 ಪೈಸೆಯಂತೆ ಏರಿಸುತ್ತ ಹೋದರು. 2014ರ ಅಕ್ಟೋಬರಿನಲ್ಲಿ ಅದನ್ನೂ ಮಾರುಕಟ್ಟೆಗೆ ಬಿಟ್ಟರು. ಇನ್ನೊಂದು ಕಡೆ, 2020ರ ಏಪ್ರಿಲ್ 1ರಿಂದ ಬಿಎಸ್ 6 ಹೊಗೆ ನಿಯಮ ಬಂತು. ನಾಲ್ಕರಿಂದ ಐದಕ್ಕೆ ಹೋಗದೆ ನೇರ ಆರಕ್ಕೆ ಜಿಗಿತ. ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷದಲ್ಲಿ 50 ಪಾಲು ಇದ್ದದ್ದು 10ಕ್ಕೆ ಇಳಿಯಬೇಕು, ಗಾಡಿಯ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರು, ವಿಷಾನಿಲ ಮುರಿಯುವ ಕ್ಯಾಟಲಿಸ್ಟು, ಅದಕ್ಕೆ ತಕ್ಕ ಸೆನ್ಸರುಗಳು ಕೂರಬೇಕು. ದೊಡ್ಡ ಲಾರಿಯ ಬೆಲೆಯಲ್ಲಿ ಈ ಸಾಮಾನಿನ ಖರ್ಚು ಕರಗಿಹೋಗುತ್ತದೆ. ಸಣ್ಣ ಗಾಡಿಯಲ್ಲಿ ಕರಗುವುದಿಲ್ಲ, ಯಾಕೆಂದರೆ ಎಂಜಿನ್ ಅರ್ಧವಾದರೆ ಫಿಲ್ಟರು, ಸೆನ್ಸರಿನ ಬೆಲೆ ಅರ್ಧವಾಗುವುದಿಲ್ಲ. ಮಾರುತಿ ಸುಜುಕಿ 2019ರಲ್ಲೇ, ಮುಂದಿನ ಏಪ್ರಿಲಿನಿಂದ ಡೀಸೆಲ್ ಮಾರುವುದಿಲ್ಲ ಎಂದು ಹೇಳಿಬಿಟ್ಟಿತು. ಅದರ ಸೂಪರ್ ಕ್ಯಾರಿ ಎಂಬ ಪುಟ್ಟ ಟ್ರಕ್ಕು 2016ರಲ್ಲಿ ಬಂದದ್ದು 793 ಸಿಸಿ ಡೀಸೆಲ್ಲಿನಲ್ಲಿ. ಈಗ ಪೆಟ್ರೋಲ್ ಮತ್ತು ಸಿಎನ್‌ಜಿಯಲ್ಲಿ ಮಾತ್ರ. ಏಸ್ ಕೂಡ ಡೀಸೆಲ್ ಬಿಡದೆ, ಪಕ್ಕದಲ್ಲಿ 694 ಸಿಸಿಯ ಪೆಟ್ರೋಲ್ ಎಂಜಿನ್ ಇಟ್ಟುಕೊಂಡಿತು. ಎರಡೇ ಸಿಲಿಂಡರು, ಆದರೆ 30 ಅಶ್ವಶಕ್ತಿ.

ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರ್ 1890ರ ದಶಕದಲ್ಲಿ ಈ ಎಂಜಿನ್ ಕಟ್ಟುವಾಗ ಅವನ ಮನಸ್ಸಿನಲ್ಲಿ ಇದ್ದವರಲ್ಲಿ ಸಣ್ಣ ಕಸುಬುದಾರರೂ ಒಬ್ಬರು. ದೊಡ್ಡ ಹಬೆಯಂತ್ರ ಕೊಳ್ಳಲಾಗದವನೂ ಕಾರ್ಖಾನೆಯವರ ಎದುರು ನಿಲ್ಲಬೇಕು ಎಂಬ ಆಸೆ. 1897ರಲ್ಲಿ ಔಗ್ಸ್‌ಬರ್ಗಿನಲ್ಲಿ ಅದು ಓಡಿ ತೋರಿಸಿತು. ಈಗ ಅದೇ ಎಂಜಿನ್ ಸಣ್ಣವರ ಕೈಯಿಂದ ಮೊದಲು ಜಾರುತ್ತಿದೆ. ಟನ್ನೂವರೆ ಹೊರುವ ಬೊಲೆರೊ ಪಿಕಪ್ಪಿನಂಥವು ಇಂದಿಗೂ ಎರಡೂವರೆ ಲೀಟರ್ ಡೀಸೆಲ್ ಎಂಜಿನ್ನಿನ ಮೇಲೇ ನಿಂತಿವೆ.

ಶೋರೂಮಿನ ಹುಡುಗ ಒಂದೇ ಹಾಳೆಯಲ್ಲಿ ಎರಡು ಕಾಲಮ್ ಎಳೆದು ಬರೆದುಕೊಟ್ಟ. ಪೆಟ್ರೋಲ್: ವಿಮೆ, ನೋಂದಣಿ ಎಲ್ಲ ಸೇರಿ 5,20,000. ಡೀಸೆಲ್: 6,30,000. ಮೊದಲ ಸಲ ಕೊಳ್ಳುವವನಿಗೆ ಫೈನಾನ್ಸಿನವರು ಶೇ 80ರಷ್ಟು ಕೊಡುತ್ತಾರೆ, ಬಡ್ಡಿ ಹನ್ನೆರಡೂವರೆ, ನಾಲ್ಕು ವರ್ಷ. ಪೆಟ್ರೋಲಿಗೆ ಕೈಯಿಂದ ಕಟ್ಟಬೇಕಾದದ್ದು 1,04,000, ತಿಂಗಳ ಕಂತು 11,060. ಡೀಸೆಲ್ಲಿಗೆ ಕೈಯಿಂದ 1,26,000, ಕಂತು 13,400. ಹುಡುಗ ಕೊನೆಯ ಎರಡು ಅಂಕಿಗಳ ಸುತ್ತ ಗೆರೆ ಸುತ್ತಿ, ‘ಡೀಸೆಲ್ ತಗೋಂಡ್ರೆ ತೈಲದಾಗೇ ಕಂತು ಹೊರಬೀಳುತ್ತದ’ ಎಂಬರ್ಥದ ತೆಲುಗು ಹೇಳಿದ. ಬಂದವರಿಗೆಲ್ಲ ಹೇಳಿ ರೂಢಿಯಾದ ಮಾತು.

ಕೈಯಲ್ಲಿದ್ದದ್ದು 1,20,000. ಆರು ಸಾವಿರ ಕಡಿಮೆ. ಆರು ಸಾವಿರ ಯಾರೂ ಕೊಡದಷ್ಟು ದೊಡ್ಡದಲ್ಲ, ಆದರೆ ಗಾಡಿ ಹೊರಗೆ ಬಂದ ಮೇಲೆ ಹಗ್ಗ, ತಾಡಪತ್ರಿ, ಫಾಸ್ಟ್ಯಾಗ್, ಪೂಜೆ, ಮೊದಲ ವಾರದ ಡೀಸೆಲ್ ಇವೆಲ್ಲಕ್ಕೂ ಬೇಕು. ಅಂದರೆ ಹತ್ತಿಪ್ಪತ್ತು ಸಾವಿರ ಕೈಸಾಲ. ಅವನು ಹಾಳೆ ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದ.

ರಾತ್ರಿ ಹೆಂಡತಿ ಆ ಹಾಳೆ ನೋಡಿ ಕೇಳಿದ್ದು ಶೋರೂಮಿನವನೂ ಕೇಳದ, ಅಡ್ಡಾದವರೂ ಕೇಳದ ಪ್ರಶ್ನೆ. ‘ದಿನಾ ಎಷ್ಟ್ ಓಡಿಸ್ತಿ?’

‘ಎಪ್ಪತ್ತು, ಎಂಬತ್ತು ಆಗ್ತದ.’

‘ಆಗ್ತದ ಅಂದ್ರ? ಬರ್ದು ಇಡು.’

ಮನೆಯಲ್ಲಿ ಎಷ್ಟು ಜನ, ಹೊತ್ತಿಗೆ ಎಷ್ಟು ಚಪಾತಿ ಎಂದು ಎಣಿಸಿ ಸಂಬಳ ಮಾತಾಡುವವಳು ಅವಳು. ಮಗನ ಹಳೆಯ ನೋಟುಪುಸ್ತಕದ ಹಿಂಬದಿ ಹಾಳೆಗಳಲ್ಲಿ ಗೆರೆ ಎಳೆದು ಕೊಟ್ಟಳು. ತಾರೀಖು, ಹೊರಡುವಾಗ ಮೀಟರು, ಬಂದಾಗ ಮೀಟರು, ಕಿರಾಯಿ.

ಇಲ್ಲಿ ಒಂದು ಮಾತಿನ ವಿಷಯ. ಒಂದು ಲೀಟರಿಗೆ ಗಾಡಿ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಬೆಂಗಳೂರಿನ ಕಡೆ ‘ಮೈಲೇಜ್’ ಅನ್ನುತ್ತಾರೆ, ಮೈಲಿಯನ್ನು ಬಿಟ್ಟು ಅರವತ್ತು ವರ್ಷವಾದ ಮೇಲೂ. ಬೀದರ್, ಕಲಬುರಗಿ, ಹೈದರಾಬಾದಿನಲ್ಲಿ ಅದು ‘ಆವರೇಜ್’. ಸರಾಸರಿ ಎಂಬ ಅರ್ಥ ಅಲ್ಲಿ ಸವೆದುಹೋಗಿದೆ. ‘ಆವರೇಜ್ ಎಷ್ಟ್ ಕೊಡ್ತದ?’ ಎಂದರೆ ಗಾಡಿ ಕೊಡುವ ವಸ್ತು ಎಂದೇ ಅರ್ಥ, ಎಮ್ಮೆ ಹಾಲು ಕೊಟ್ಟಂತೆ. ‘ಪಿಕಪ್’ ಎಂಬುದಕ್ಕೂ ಇಂಥದೇ ಎರಡು ಬದುಕು. ಗಾಡಿಯ ಹೆಸರೂ ಅದೇ, ಏರಿನಲ್ಲಿ ಅದು ತೋರುವ ದಮ್ಮಿಗೂ ಅದೇ ಹೆಸರು. ‘ಈ ಪಿಕಪ್ಪಿಗೆ ಪಿಕಪ್ಪೇ ಇಲ್ಲ’ ಎಂಬ ವಾಕ್ಯ ಅಡ್ಡಾದಲ್ಲಿ ದಿನಕ್ಕೆ ಒಂದು ಸಲವಾದರೂ ಕೇಳುತ್ತದೆ, ಯಾರಿಗೂ ಗೊಂದಲವಾಗುವುದಿಲ್ಲ. ಹೀಗೆ ಗಾಡಿ ಕೊಡುವ ಆವರೇಜನ್ನು ದಶಮಾಂಶದವರೆಗೆ ಬಲ್ಲವರ ನಡುವೆ, ತಾನು ದಿನಕ್ಕೆ ಸರಾಸರಿ ಎಷ್ಟು ಓಡಿಸುತ್ತೇನೆಂದು ಬಲ್ಲವನು ಒಬ್ಬನೂ ಇರಲಿಲ್ಲ.

ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಅವನು ಬರೆದ. ಕೆಲಸವಿದ್ದದ್ದು 26 ದಿನ. ಒಂದು ದಿನ 74 ಕಿ.ಮೀ.: ಕೋಕಾಪೇಟದಿಂದ ಉಪ್ಪಲ್‌ವರೆಗೆ ಮನೆ ಸಾಮಾನು ಒಯ್ದದ್ದು. ಒಂದು ದಿನ ಬರೀ 9: ಲ್ಯಾಂಕೊ ಹಿಲ್ಸಿನ ಒಂದು ಟವರಿನಿಂದ ನೆಕ್ನಾಂಪುರಕ್ಕೆ ಮೂರು ಸಲ. ಎಲ್ಲ ಕೂಡಿಸಿದರೆ 806. ದಿನಕ್ಕೆ 31 ಕಿಲೋಮೀಟರ್.

ಅವನು ಎರಡು ಸಲ ಕೂಡಿಸಿದ. ಬೆಳಗ್ಗೆ ಏಳಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಸೊಂಟ ಹಿಡಿದುಕೊಂಡು ಬರುವವನು ಓಡಿದ್ದು 31 ಕಿಲೋಮೀಟರಾ? ಎಂಬತ್ತು ಎಂದು ಹೇಳಿದಾಗ ಅವನು ಸುಳ್ಳು ಹೇಳಿರಲಿಲ್ಲ, ದಣಿವನ್ನು ಅಳೆದು ಹೇಳಿದ್ದ. ಹಗಲೆಲ್ಲ ಹೋಗುವುದು ನಿಲ್ಲುವುದರಲ್ಲಿ. ಗೇಟಿನಲ್ಲಿ ಸೆಕ್ಯುರಿಟಿಯವನು ಮಾಲೀಕರಿಗೆ ಫೋನು ಮಾಡುವವರೆಗೆ ನಿಲ್ಲಬೇಕು. ಸರ್ವಿಸ್ ಲಿಫ್ಟು ಹತ್ತಕ್ಕೆ ಮೊದಲು ಬಿಡುವುದಿಲ್ಲ, ಐದರ ನಂತರ ಬಿಡುವುದಿಲ್ಲ. ಮಂಚ ಬಿಚ್ಚುವ ಬಡಗಿ ಬಂದಿರುವುದಿಲ್ಲ. ಖಾಜಾಗುಡದ ಕೆರೆಯ ಹತ್ತಿರ ಸಂಜೆ ಆರಕ್ಕೆ ಸಿಕ್ಕಿಕೊಂಡರೆ ಮೀಟರಿನ ಕೊನೆಯ ಅಂಕಿ ಕದಲಲು ಒಂದು ಬೀಡಿಯ ಹೊತ್ತು. ಮಣಿಕೊಂಡ ಇಪ್ಪತ್ತೈದು ವರ್ಷದಲ್ಲಿ ಹಳ್ಳಿಯಿಂದ ಗೋಪುರಗಳ ಊರಾಗಿ ಬೆಳೆದದ್ದು ಹಳ್ಳಿಯ ರಸ್ತೆಗಳ ಮೇಲೆಯೇ. ಇಲ್ಲಿ ಟ್ರಾಲಿಯವನು ಮಾರುವುದು ಬಹುಪಾಲು ಹೊತ್ತನ್ನು, ದೂರವನ್ನು ಮಾರುವುದು ಸ್ವಲ್ಪ.

ಆಗ ಹೈದರಾಬಾದಿನಲ್ಲಿ ಪೆಟ್ರೋಲ್ ಲೀಟರಿಗೆ ಸುಮಾರು 107.50, ಡೀಸೆಲ್ 95.70. ಅದೇ 15 ಮತ್ತು 19ರ ಲೆಕ್ಕ ಹಿಡಿದರೆ ಕಿಲೋಮೀಟರಿಗೆ ಪೆಟ್ರೋಲ್ 7.17, ಡೀಸೆಲ್ 5.04. ಹಿಂದೆ ಅರ್ಧಕ್ಕಿಂತ ಕಡಿಮೆಯಿದ್ದದ್ದು ಈಗ ನೂರಕ್ಕೆ ಎಪ್ಪತ್ತು. ಉಳಿತಾಯ ಕಿಲೋಮೀಟರಿಗೆ 2.13 ರೂಪಾಯಿ. 806 ಕಿಲೋಮೀಟರಿಗೆ 1,717. ಡೀಸೆಲ್ಲಿನ ಹೆಚ್ಚುವರಿ ಕಂತು 2,340. ಅಂದರೆ ತೈಲದಲ್ಲಿ ಉಳಿಸಿಯೂ ತಿಂಗಳಿಗೆ 600ಕ್ಕಿಂತ ಹೆಚ್ಚು ಕೈಯಿಂದ ಹೋಗುತ್ತದೆ, ನಾಲ್ಕು ವರ್ಷ ಪೂರ್ತಿ. ಮೊದಲೇ ಕಟ್ಟಿದ ಹೆಚ್ಚುವರಿ 22,000 ಬೇರೆ. ಸಾಲ ತೀರಿದ ಮೇಲೆ ಉಳಿತಾಯ ಶುರುವಾಗಿ, ಕೊಟ್ಟದ್ದೆಲ್ಲ ಮರಳಿ ಬರುವ ಹೊತ್ತಿಗೆ ಆರೂವರೆ ವರ್ಷ. ಶೋರೂಮಿನ ಹುಡುಗ ಹೇಳಿದ್ದು ನಿಜವಾಗಬೇಕಾದರೆ ದಿನಕ್ಕೆ ಕಡಿಮೆಯೆಂದರೂ 42 ಕಿ.ಮೀ. ಓಡಬೇಕು. ಸರ್ವಿಸಿನ ಖರ್ಚು ಈ ಲೆಕ್ಕದಲ್ಲಿ ಇಲ್ಲ. ಮಸಿಯ ಫಿಲ್ಟರ್ ತನ್ನೊಳಗಿನ ಮಸಿಯನ್ನು ತಾನೇ ಸುಟ್ಟುಕೊಳ್ಳಲು ಹೊಗೆ 550 ಡಿಗ್ರಿಯ ಆಚೆ ಕಾಯಬೇಕು, ಅದಕ್ಕೆ ಖಾಲಿ ರಸ್ತೆಯಲ್ಲಿ ಒಂದೇ ಸಮ ಓಟ ಬೇಕು. ಗೇಟಿನಿಂದ ಗೇಟಿಗೆ ಎರಡು ಕಿಲೋಮೀಟರ್ ಓಡುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಒಂದು ದಿನದ ದುಡಿಮೆ ಗ್ಯಾರೇಜಿಗೆ ಹೋಗುತ್ತದೆ.

ಇಲ್ಲಿಗೆ ಪೆಟ್ರೋಲ್ ಗೆದ್ದಿತು ಎನ್ನಬಹುದಿತ್ತು. ಆದರೆ ಅವನ ತಲೆಯಲ್ಲಿ ಇನ್ನೊಂದು ರಸ್ತೆ ಇತ್ತು.

ನಾರ್ಸಿಂಗಿಯಲ್ಲಿ ರಿಂಗ್ ರೋಡು ಹತ್ತಿ, ಪಟಾನ್‌ಚೆರುವಿನ ಬಳಿ ಇಳಿದು, ಸಂಗಾರೆಡ್ಡಿ, ಸದಾಶಿವಪೇಟೆ, ಜಹೀರಾಬಾದ್, ಅಲ್ಲಿ ಬಲಕ್ಕೆ ತಿರುಗಿದರೆ ಬೀದರ್. ಸುಮಾರು 130 ಕಿಲೋಮೀಟರ್. ಗಾಡಿ ತನ್ನದಾದರೆ ವಾರಕ್ಕೊಮ್ಮೆ ಊರಿಗೆ ಹೋಗಿ ಬರುವುದು, ಬರುವಾಗ ಊರ ಕಡೆಯ ತೊಗರಿ, ಶುಂಠಿ, ಟೊಮೆಟೊ ಏನಾದರೂ ಹೇರಿಕೊಂಡು ಬರುವುದು ಅವನ ಹಳೆಯ ಯೋಚನೆ. ಸರಕು ಸೇರಿ ಒಟ್ಟು ತೂಕ 3,000 ಕಿಲೋ ಮೀರದ ಗಾಡಿಗೆ ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಪರ್ಮಿಟ್ಟೇ ಬೇಡ, ಹಾಗಾಗಿ ರಾಜ್ಯದ ಗಡಿ ದಾಟುವುದು ದೊಡ್ಡ ರಗಳೆಯಲ್ಲ. ಗಡಿಯಾಚೆ ಕರ್ನಾಟಕದ ಬಂಕಿನಲ್ಲಿ ತೈಲವೂ ಲೀಟರಿಗೆ ನಾಲ್ಕು ರೂಪಾಯಿ ಆಸುಪಾಸು ಅಗ್ಗ. ವಾರಕ್ಕೆ 260ರಂತೆ ತಿಂಗಳಿಗೆ 1,040 ಕಿಲೋಮೀಟರ್ ಸೇರಿಸಿದರೆ ಒಟ್ಟು 1,846. ಆಗ ಡೀಸೆಲ್ ಉಳಿಸುವುದು 3,900ರ ಮೇಲೆ, ಹೆಚ್ಚುವರಿ ಕಂತು ಕಳೆದರೂ ತಿಂಗಳಿಗೆ ಹದಿನೈದು ನೂರು ಕೈಯಲ್ಲಿ ನಿಲ್ಲುತ್ತದೆ. ಒಂದೇ ಗಾಡಿ, ಒಂದೇ ಮನುಷ್ಯ. ಊರಿಗೆ ಹೋಗುವವನಾದರೆ ಡೀಸೆಲ್, ಹೋಗದವನಾದರೆ ಪೆಟ್ರೋಲ್.

ಹಾಗಾಗಿ ಲೆಕ್ಕ ಬಂದು ನಿಂತದ್ದು ಅವನು ಕೇಳಿಕೊಳ್ಳಲು ಇಷ್ಟಪಡದ ಜಾಗದಲ್ಲಿ. ಊರಿನಲ್ಲಿ ಅಪ್ಪ, ಅವ್ವ, ಮೂರು ಎಕರೆ ಮಳೆ ನಂಬಿದ ಹೊಲ. ಒಂಬತ್ತು ವರ್ಷದಲ್ಲಿ ‘ಇನ್ನೆರಡು ವರ್ಷ’ ಎಂದು ಎಷ್ಟು ಸಲ ಹೇಳಿದ್ದನೋ. ಪೆಟ್ರೋಲ್ ಗಾಡಿ ಕೊಂಡರೆ ಊರಿಗೆ ಹೋಗುವುದು ಬಸ್ಸಿನಲ್ಲಿ, ಹಬ್ಬಕ್ಕೆ, ನೆಂಟನಂತೆ. ಅಪ್ಪ ಡೀಸೆಲ್, ಡೀಸೆಲ್ ಎಂದು ಫೋನಿನಲ್ಲಿ ಹಟ ಹಿಡಿದದ್ದು ಎಂಜಿನ್ನಿನ ಬಗ್ಗೆ ಮಾತ್ರ ಇರಲಿಕ್ಕಿಲ್ಲ.

ಹೆಂಡತಿ ಆ ಕಾಲಮ್ಮನ್ನೂ ಬಿಡಲಿಲ್ಲ. ವಾರಕ್ಕೊಮ್ಮೆ ಹೋದರೆ ಹೋಗುವ ದಿನ, ಬರುವ ದಿನ ಎರಡೂ ಮಣಿಕೊಂಡದ ಕಿರಾಯಿ ತಪ್ಪುತ್ತದೆ. ಅದೂ ಶನಿವಾರ, ಭಾನುವಾರ; ಮನೆ ಬದಲಿಸುವವರು ಬದಲಿಸುವುದೇ ಆ ಎರಡು ದಿನ. ಹೋಗುವಾಗ ಗಾಡಿ ಖಾಲಿ. ಬರುವಾಗ ಸರಕು ಸಿಕ್ಕರೂ ಅದಕ್ಕೆ ಖರೀದಿಯ ದುಡ್ಡು, ಇಲ್ಲಿ ಕೊಳ್ಳುವವರು, ಬೆಳಗಿನ ಜಾವದ ಮಂಡಿ ಎಲ್ಲ ಬೇಕು. ಅವಳು ಕೇಳಿದ್ದು ಇಷ್ಟೇ: ‘ಈಗ ಬಸ್ಸಿಗೆ ಎಷ್ಟ್ ಸಲ ಹೋಗೀವಿ, ಈ ವರ್ಷ?’ ಎರಡು ಸಲ ಹೋಗಿದ್ದರು. ಯುಗಾದಿಗೆ ಒಮ್ಮೆ, ಅವ್ವನ ಕಣ್ಣಿನ ಆಪರೇಷನ್ನಿಗೆ ಒಮ್ಮೆ.

ಬೇರೆ ದಾರಿಗಳನ್ನೂ ನೋಡದೆ ಇರಲಿಲ್ಲ. ಸಿಎನ್‌ಜಿಗೆ ದೆಹಲಿಯಲ್ಲಿ ಕಿಲೋಗೆ 77ರ ಸುತ್ತ ಇದ್ದಾಗ ಹೈದರಾಬಾದಿನಲ್ಲಿ 90 ದಾಟಿ ಕೂತಿತ್ತು. ಡೀಸೆಲ್ಲಿನ ಎದುರು ಅಂಥ ಲಾಭವಿಲ್ಲ, ಮೇಲೆ ಬಂಕಿನ ಸರದಿ. ಕರೆಂಟಿನ ಗಾಡಿಗೆ ತೆಲಂಗಾಣ ಸರ್ಕಾರ 2024ರ ನವೆಂಬರಿನಿಂದ 2026ರ ಕೊನೆಯವರೆಗೆ ರಸ್ತೆ ತೆರಿಗೆ, ನೋಂದಣಿ ಶುಲ್ಕ ಎರಡೂ ಮನ್ನಾ ಮಾಡಿದೆ, ಸಣ್ಣ ಸರಕು ಗಾಡಿಗೂ. 2025ರ ಜೂನಿನಲ್ಲಿ ಬಂದ ಏಸ್ ಪ್ರೊ ಇವಿ ಒಂದು ಚಾರ್ಜಿಗೆ 155 ಕಿ.ಮೀ. ಹೋಗುತ್ತದೆಂದು ಕಂಪನಿ ಹೇಳುತ್ತದೆ. ದಿನಕ್ಕೆ 31 ಓಡುವವನಿಗೆ ಇದಕ್ಕಿಂತ ಹೊಂದುವ ಗಾಡಿ ಇಲ್ಲ, ಕಾಗದದ ಮೇಲೆ. ಅವನಿರುವುದು ಮೂರನೇ ಮಹಡಿಯ ಒಂದೂವರೆ ಕೋಣೆ, ಗಾಡಿ ನಿಲ್ಲುವುದು ಬೀದಿಯಲ್ಲಿ, ಮೀಟರು ಮನೆಯೊಡೆಯನದು. ಕೇಳಿದ್ದಕ್ಕೆ ಒಡೆಯ ನಕ್ಕು, ‘ಮೊದಲು ಮೋಟರ್ ಬಿಲ್ ಕೊಡು’ ಎಂದ. ಇನ್ನು ಹಳೆಯ ಡೀಸೆಲ್ ಗಾಡಿ. ಏಳು ವರ್ಷದ್ದೊಂದು ಮೂರು ಲಕ್ಷಕ್ಕೆ ಸಿಗುತ್ತಿತ್ತು. ಹಳೆಯದಕ್ಕೆ ಬಡ್ಡಿ ಜಾಸ್ತಿ, ಎಂಟು ವರ್ಷ ದಾಟಿದರೆ ಫಿಟ್‌ನೆಸ್ ಪ್ರತಿ ವರ್ಷ, ಜೊತೆಗೆ ದೆಹಲಿಯಲ್ಲಿ ಹತ್ತು ವರ್ಷದ ಡೀಸೆಲ್ಲಿಗೆ ನಿಷೇಧ ಬಂದಂತೆ ಇಲ್ಲಿಗೂ ಬರುತ್ತದೆಂಬ ಗುಲ್ಲು. ಬಡವನಿಗೆ ದುಡ್ಡು ದುಬಾರಿಯಾಗಿ ಸಿಗುತ್ತದೆ ಎಂಬುದನ್ನು ಇಡೀ ಲೆಕ್ಕದಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅದೇ 88,000 ಹೆಚ್ಚುವರಿ ಸಾಲ ಕಡಿಮೆ ಬಡ್ಡಿಗೆ, ಏಳು ವರ್ಷಕ್ಕೆ ಸಿಕ್ಕಿದ್ದರೆ 31 ಕಿಲೋಮೀಟರಿಗೂ ಡೀಸೆಲ್ ತಾಳೆಯಾಗುತ್ತಿತ್ತು.

ದೀಪಾವಳಿಗೆ ಪೆಟ್ರೋಲ್ ಗಾಡಿ ಬಂತು. ಕೈಯಲ್ಲಿದ್ದ ದುಡ್ಡು ಅದಕ್ಕೆ ಸಾಲುತ್ತಿತ್ತು, ಇನ್ನೊಂದಕ್ಕೆ ಸಾಲುತ್ತಿರಲಿಲ್ಲ. ಆ ತೀರ್ಮಾನ ಶೋರೂಮಿನ ಹಾಳೆಯಲ್ಲೇ ಆಗಿಹೋಗಿತ್ತು. ನೋಟುಪುಸ್ತಕ ಕೊಟ್ಟದ್ದು ಅಪ್ಪನಿಗೆ ಹೇಳಲು ಒಂದು ಕಾರಣವನ್ನು. ಅವನು ಹೇಳಿದ. ಅಪ್ಪ 31 ಎಂಬುದನ್ನು ನಂಬಲಿಲ್ಲ. ‘ದಿನಾ ಮಲ್ಕೋತಿಯೇನ್ ಮತ್ತ?’ ಎಂದ.

ಡಿಸೆಂಬರಿನಲ್ಲಿ ಎಳ್ಳ ಅಮಾವಾಸ್ಯೆ ಬಂತು. ಬೀದರ್ ಸೀಮೆಯಲ್ಲಿ ಅವತ್ತು ಯಾರೂ ಮನೆಯಲ್ಲಿ ಉಣ್ಣುವುದಿಲ್ಲ, ಹೊಲಕ್ಕೆ ಬುತ್ತಿ ಹೋಗುತ್ತದೆ: ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ಎರಡು ದಿನದ ಕಿರಾಯಿ ಬಿಟ್ಟು ಹೆಂಡತಿ, ಮಗನನ್ನು ಮುಂದೆ ಕೂರಿಸಿಕೊಂಡು ಅವನು ತನ್ನ ಗಾಡಿಯಲ್ಲೇ ಊರಿಗೆ ಹೋದ. ಜಹೀರಾಬಾದಿನಲ್ಲಿ ಹಾಕಿಸದೆ ಬೀದರಿನ ಕಡೆ ಬಂದು ಪೆಟ್ರೋಲ್ ಹಾಕಿಸಿದ. ಅಂಗಳದಲ್ಲಿ ಗಾಡಿ ನಿಲ್ಲಿಸಿದಾಗ ಅಪ್ಪ ಬಾಗಿಲಲ್ಲೇ ಇದ್ದ, ಬಂದದ್ದು ಗೊತ್ತಾಗಿರಲಿಲ್ಲ. ಟಯರು ಒದ್ದು ನೋಡಿದ, ಹಿಂದಿನ ಪಾಟಿಯ ಕೊಂಡಿ ಹಾಕಿ ತೆಗೆದು ನೋಡಿದ.

ಮರುದಿನ ಬುತ್ತಿ, ಕೊಡ, ಅಕ್ಕಪಕ್ಕದವರ ಹತ್ತು ಹನ್ನೆರಡು ಮಂದಿಯನ್ನು ಹಿಂದೆ ಹೇರಿಕೊಂಡು ಹೊಲಕ್ಕೆ ಹೊರಟರು. ಅಪ್ಪ ಮುಂದಿನ ಸೀಟಿನಲ್ಲಿ ಕೂತ. ಅವನು ಕೀಲಿ ತಿರುಗಿಸಿ, ಅವ್ವ ಹತ್ತಲೆಂದು ಕಾಯುತ್ತಿದ್ದ. ಅಪ್ಪ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತು, ಆಮೇಲೆ ಡ್ಯಾಶ್‌ಬೋರ್ಡಿಗೆ ಅಂಗೈ ಒತ್ತಿ ನೋಡಿ ಕೇಳಿದ:

‘ಚಾಲೂ ಅದ ಏನ್, ಬಂದ್ ಅದ?’